ಸುಟ್ಟ ಹೊತ್ತನ್ನು ಯಾರು ಬರೆದುಕೊಳ್ಳುತ್ತಾರೆ? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ಘಟಪ್ರಭಾ ದಂಡೆಯ ಕಬ್ಬಿನ ರೈತ. ನಾಲ್ಕು ಎಕರೆ ಹೊಲ, ಒಂದು ಬೆಲ್ಲದ ಗಾಣ. ಹೋದ ಸುಗ್ಗಿಯಲ್ಲಿ ನಮ್ಮ ಗಾಣಕ್ಕೆ ದುಡಿಯಲು ಬಂದಿದ್ದ ಹುಡುಗನೊಬ್ಬ ಬೆಳಗಿನ ಐದು ಗಂಟೆಗೆ ಕಾಲು ಜಾರಿ ಕುದಿಯುವ ಕೊಪ್ಪರಿಗೆಗೆ ಇಳಿದುಬಿಟ್ಟ. ಬೆಲ್ಲದ ಪಾಕ ನೀರಿನ ಹಾಗೆ ಹರಿದು ಹೋಗುವುದಿಲ್ಲ ಸಾಹೇಬರೆ. ಹದಕ್ಕೆ ಬರುವಾಗ 115 ಡಿಗ್ರಿ ದಾಟಿರುತ್ತದೆ, ಮೈಗೆ ಅಂಟಿಕೊಂಡೇ ಬೇಯಿಸುತ್ತದೆ. ಎರಡೂ ಕಾಲು ತೊಡೆಯ ಬುಡದವರೆಗೆ ಬೆಂದವು.

ಮೊದಲ ತಪ್ಪು ನನ್ನದೇ. ಹತ್ತು ಹೆಜ್ಜೆಯಲ್ಲಿ ಬೋರಿನ ನೀರು ಬೀಳುತ್ತಿತ್ತು. "ನೀರ ಹಾಕಬ್ಯಾಡ್ರಿ, ಬೊಬ್ಬಿ ಏಳ್ತಾವ" ಅಂದರು ಯಾರೋ, ನಾನೂ ಹೂಂ ಅಂದೆ. ಹಲ್ಲುಜ್ಜುವ ಪೇಸ್ಟ್ ಬಳಿದು, ಕಂಬಳಿ ಸುತ್ತಿ ಟ್ರ್ಯಾಕ್ಸಿಗೆ ಹಾಕಿದೆವು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕಿತ್ತು, ಸುಟ್ಟು ಮೂರು ತಾಸಿನೊಳಗೆ ಬಿಟ್ಟರೂ ಉಪಯೋಗವಿತ್ತು ಎಂಬುದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಆರಕ್ಕೆ ಮೊದಲ ಆಸ್ಪತ್ರೆ ತಲುಪಿದೆವು. ಹೆಸರು ಬೇಡ. ನೋವಿನ ಇಂಜೆಕ್ಷನ್, ಬ್ಯಾಂಡೇಜು, ಒಂದು ಸಲೈನ್. ಆಮೇಲೆ ಪೊಲೀಸರು ಬಂದು ಬರೆದುಕೊಳ್ಳಲಿ ಎಂದು ಕೂಡಿಸಿದರು, ಕೊನೆಗೆ ಚೀಟಿ ಕೊಟ್ಟು ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಆ ಬೆಂಚಿನ ಮೇಲೆ ಕೂತಾಗ ನನಗದು ಗೊತ್ತಿರಲಿಲ್ಲ, ಅವರಿಗೆ ಗೊತ್ತಿರಬೇಕಿತ್ತು. ಎರಡನೆಯ ಆಸ್ಪತ್ರೆಯಲ್ಲಿ "ನಮ್ಮಲ್ಲಿ ಬರ್ನ್ಸ್ ವಾರ್ಡಿಲ್ರಿ, ಬೆಳಗಾವಿಗೆ ಒಯ್ರಿ" ಎಂಬ ಮಾತು, ಇನ್ನೊಂದು ಚೀಟಿ. ಬೆಳಗಾವಿಯಲ್ಲಿ ದಾಖಲಾದಾಗ ಮಧ್ಯಾಹ್ನ 1.40.

ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಸುಟ್ಟು ಎಷ್ಟು ಹೊತ್ತಾಯಿತು?" ನನ್ನ ಕೈಯಲ್ಲಿದ್ದ ಎರಡು ಚೀಟಿಗಳಲ್ಲಿ ಒಂದರಲ್ಲೂ ಅದು ಇರಲಿಲ್ಲ.

ಆ ಪ್ರಶ್ನೆ ಯಾಕೆಂದು ಅವರೇ ಲೆಕ್ಕ ಬಿಡಿಸಿ ಹೇಳಿದರು. ದೊಡ್ಡದಾಗಿ ಸುಟ್ಟಾಗ ರಕ್ತನಾಳಗಳಿಂದ ನೀರಿನಂಶ ಸೋರಿ ಮೈ ಊದಿಕೊಳ್ಳುತ್ತದೆ, ಒಳಗೆ ರಕ್ತಕ್ಕೆ ನೀರಿಲ್ಲದೆ ಮೂತ್ರಪಿಂಡ ಸೊರಗುತ್ತದೆ. ಒಂದು ಕಾಲೆಂದರೆ ಮೈಯ ಶೇ. 18, ಎರಡಕ್ಕೆ 36. ಹುಡುಗನ ತೂಕ 55 ಕಿಲೋ. ನಾಲ್ಕು ಮಿಲಿಲೀಟರಿಗೆ ತೂಕ, ಶೇಕಡಾವಾರು ಗುಣಿಸಿದರೆ ನಾಳಕ್ಕೆ ಏರಿಸಬೇಕಾದ ದ್ರವ ಸುಮಾರು ಎಂಟು ಲೀಟರ್, ಅಂದರೆ ಅರ್ಧ ಲೀಟರಿನ ಹದಿನಾರು ಬಾಟಲಿ, ಮೊದಲ ದಿನಕ್ಕೆ. ಮೂತ್ರ ನೋಡಿಕೊಂಡು ಹೆಚ್ಚುಕಡಿಮೆ ಮಾಡುತ್ತಾರಂತೆ. ಆದರೆ ಅದರಲ್ಲಿ ಅರ್ಧ ಮೊದಲ ಎಂಟು ತಾಸಿನಲ್ಲಿ ಹೋಗಬೇಕು, ಆ ಎಂಟು ತಾಸು ದಾಖಲಾದಲ್ಲಿಂದಲ್ಲ, ಸುಟ್ಟಲ್ಲಿಂದ. ನಮ್ಮ ಎಂಟು ತಾಸು ಮಧ್ಯಾಹ್ನ ಒಂದಕ್ಕೇ ಮುಗಿದಿದ್ದವು. ಎಂಟು ಬಾಟಲಿ ಹೋಗಬೇಕಿದ್ದಲ್ಲಿ ಹೋದದ್ದು ಒಂದು. ನಳಿಗೆ ಹಾಕಿದಾಗ ಚೀಲಕ್ಕೆ ಇಳಿದ ಮೂತ್ರ ಎರಡು ಚಮಚ, ಚಹಾ ಡಿಕಾಕ್ಷನ್ನಿನ ಬಣ್ಣ.

ಆರನೆಯ ದಿನ ಹುಡುಗ ತೀರಿಕೊಂಡ. ಬಾಟಲಿ ಏರಿಸಿದ್ದರೆ ಉಳಿಯುತ್ತಿದ್ದ ಎಂದು ಆಣೆ ಮಾಡಿ ಹೇಳಲಾರೆ.

ಇದನ್ನೇ ಒಬ್ಬ ಅಧಿಕಾರಿಯ ಮುಂದಿಟ್ಟೆ. "ತಡಾ ಮಾಡಿ ಬಂದವರೂ ಉಳೀತಾರ, ಲಗೂನ ಬಂದವರೂ ಸಾಯ್ತಾರ, ರಿಜಿಸ್ಟರ್ ನೋಡ್ರಿ" ಅಂದರು. ರಿಜಿಸ್ಟರು ಹಾಗೇ ಹೇಳೀತು, ಸುಳ್ಳಲ್ಲ. ಮೈಯೆಲ್ಲ ಸುಟ್ಟವರನ್ನು ಆಗಿಂದಾಗ ಹೊತ್ತು ತರುತ್ತಾರೆ, ಕೈ ಮಾತ್ರ ಸುಟ್ಟವರು ಮನೆಮದ್ದು ಮಾಡಿ ಮೂರನೆಯ ದಿನ ಬರುತ್ತಾರೆ. ದಾರಿಯಲ್ಲೇ ಜೀವ ಬಿಟ್ಟವರು ದಾಖಲೇ ಆಗುವುದಿಲ್ಲ. ಎಷ್ಟು ಸುಟ್ಟಿದೆ, ವಯಸ್ಸೆಷ್ಟು, ಬೆಂಕಿಯ ಹೊಗೆ ಕುಡಿದಿದ್ದಾರೆಯೇ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಬೇಗ–ತಡ ಎಂದು ಎಣಿಸಿದರೆ ತಡವಾಗಿ ಬರುವುದೇ ಲೇಸು ಎಂಬ ಲೆಕ್ಕ ಸಿಕ್ಕೀತು!

ಪ್ರತಿ ತಾಲೂಕಿಗೂ ಬರ್ನ್ಸ್ ವಾರ್ಡು ಕೇಳುತ್ತಿಲ್ಲ. ಶಿಲಾನ್ಯಾಸದ ಕಲ್ಲುಗಳು ನಮ್ಮ ಕಡೆ ಬೇಕಾದಷ್ಟಿವೆ. ಕೇಳುವುದು ಒಂದು ಸುತ್ತೋಲೆ. ರೆಫರಲ್ ಚೀಟಿಯ ಮೇಲ್ತುದಿಯಲ್ಲಿ ಸುಟ್ಟ ಹೊತ್ತು, ಸುಟ್ಟ ಶೇಕಡಾವಾರು, ಏರಿಸಿದ ಬಾಟಲಿಗಳ ಸಂಖ್ಯೆ ಬರೆಯಲಿ. ಲೆಕ್ಕದ ಪ್ರಕಾರ ಬಾಟಲಿ ಹಚ್ಚದೆ ಆಂಬುಲೆನ್ಸ್ ಹತ್ತಿಸಬಾರದು, ದಾರಿಯಲ್ಲೂ ಅದು ನಡೆಯುತ್ತಿರಬೇಕು. ಮುಖ ಸುಟ್ಟಿದ್ದರೆ, ದನಿ ಒಡೆದಿದ್ದರೆ ಗಂಟಲು ಊದಿ ಉಸಿರು ಕಟ್ಟುವ ಮೊದಲೇ ಕೊಳವೆ ಹಾಕಬಲ್ಲವರು ನೋಡಲಿ. ಮುಂದಿನ ಆಸ್ಪತ್ರೆಗೆ ಫೋನು ಹೋಗಲಿ, ವಾರ್ಡಿಲ್ಲದ ಕಡೆಗೆ ಸುತ್ತಿಸುವುದು ತಪ್ಪುತ್ತದೆ.

ಈ ಸಲ ಕೊಪ್ಪರಿಗೆಯ ಸುತ್ತ ಕಬ್ಬಿಣದ ಕಟಾಂಜನ ಹಾಕಿಸಿದ್ದೇನೆ, ನೀರಿನ ಪೈಪು ಅದರ ಬುಡಕ್ಕೇ ತಂದಿದ್ದೇನೆ. ನವೆಂಬರಿನಲ್ಲಿ ಗಾಣ ಹೂಡುತ್ತೇವೆ. ಸುತ್ತೋಲೆ ಅಷ್ಟರೊಳಗೆ ಬರಲಿ.

ಇಂತಿ,
ಒಬ್ಬ ಗಾಣದ ಮಾಲೀಕ