ಎರಡು ಮಸುಕು ಪಟ್ಟೆ

ಮೇಗರವಳ್ಳಿ
ಆರಿದ್ರಾ ಮಳೆ, ಎರಡನೇ ಪಾದ

ಚಿ. ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಮೂರು ದಿನದಿಂದ ಮಳೆ ಹೊಳವಾಗಿಲ್ಲ. ಕರೆಂಟಿಲ್ಲ, ಫೋನೂ ಸಿಗುತ್ತಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ.

ಟೆಲಿಸ್ಕೋಪು ಮಾರುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ತಂದಿದ್ದು ಅದು. ಗುರು ಗ್ರಹದ ಮೇಲೆ ಎರಡು ಮಸುಕು ಪಟ್ಟೆ ಬಿಟ್ಟರೆ ಏನೂ ಇಲ್ಲ, ಕೆಂಪು ಚುಕ್ಕೆ ಕಾಣಲೇ ಇಲ್ಲ ಅಂದೆಯಂತೆ. ಎಷ್ಟು ರಾತ್ರಿ ನೋಡಿದ ಎಂದು ಕೇಳಿದೆ. ನಾಲ್ಕು ಅಂದಳು. ಮಾರಬೇಡ ಪುಟ್ಟಾ.

ಗುರು ತನ್ನ ಸುತ್ತ ತಾನು ಒಂದು ಸುತ್ತು ಬರಲು 10 ಗಂಟೆಯೂ ಬೇಡ. ಆ ಚುಕ್ಕೆ ಅಂದರೆ ಅಲ್ಲಿ ಸುತ್ತುತ್ತಿರುವ ದೊಡ್ಡ ಬಿರುಗಾಳಿ. ಅರ್ಧ ಹೊತ್ತು ಅದು ಆಚೆ ಬದಿಗಿರುತ್ತದೆ. ಈಚೆ ಬಂದಾಗಲೂ ನಡುಮಧ್ಯ ಇರುವ ಎರಡು ಗಂಟೆಯಷ್ಟೇ ಚೆನ್ನಾಗಿ ಕಾಣುವುದು. ನೀನು ನೋಡಿದ ನಾಲ್ಕೂ ಸಲ ಅದು ಮರೆಯಲ್ಲಿದ್ದಿರಬಹುದು. ಅದಕ್ಕೆ ಟೆಲಿಸ್ಕೋಪು ಏನು ಮಾಡೀತು?

ಇನ್ನು ಆ ಪಟ್ಟೆಗಳು. ಅವು ಬರೀ ಬಣ್ಣ ಅಲ್ಲ. ಬೆಳ್ಳನೆಯ ಜಾಗದಲ್ಲಿ ಎತ್ತರದಲ್ಲಿ ಅಮೋನಿಯಾದ ಹಿಮಮೋಡ ದಟ್ಟವಾಗಿದೆ. ಕಂದು ಪಟ್ಟೆಯಲ್ಲಿ ಅದು ತೆಳು, ಒಳಗಿನ ಮೋಡ ಕಾಣುತ್ತದೆ. ಒಂದೊಂದು ಪಟ್ಟೆಯ ಅಂಚಿನಲ್ಲೂ ಗಾಳಿಯ ಹೊಳೆ ಇದೆ. ಒಂದು ಪೂರ್ವಕ್ಕೆ ಹರಿದರೆ ಪಕ್ಕದ್ದು ಪಶ್ಚಿಮಕ್ಕೆ. ಜೆಟ್ ಸ್ಟ್ರೀಮ್ ಅನ್ನುವುದು ಇದಕ್ಕೇ. ಗುರುವಿನ ಸಮಭಾಜಕದ ಹತ್ತಿರ ಇದರ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಶನಿಯಲ್ಲಿ ಸುಮಾರು 1,800. ಸೂರ್ಯನಿಂದ ಅಷ್ಟು ದೂರದ ನೆಪ್ಚೂನಿನಲ್ಲಿ ಇನ್ನೂ ಜಾಸ್ತಿ, 2,000 ಕಿ.ಮೀ. ಮುಟ್ಟುತ್ತದೆ.

ಕೆಂಪು ಚುಕ್ಕೆ ಇಂಥ ಎರಡು ಗಾಳಿಗಳ ನಡುವೆ ಸಿಕ್ಕಿಕೊಂಡಿದೆ. ಅಜ್ಜಿ ಎಳ್ಳುಂಡೆ ಕಟ್ಟುವುದು ನೋಡಿದ್ದೀಯಲ್ಲ? ಒಂದು ಅಂಗೈ ಮುಂದೆ, ಇನ್ನೊಂದು ಹಿಂದೆ, ನಡುವೆ ಉಂಡೆ ಹೊರಳುತ್ತದೆ. ಹಾಗೆಯೇ. ಚುಕ್ಕೆಯ ಉತ್ತರದ ಗಾಳಿ ಪಶ್ಚಿಮಕ್ಕೆ ಎಳೆಯುತ್ತದೆ, ದಕ್ಷಿಣದ್ದು ಪೂರ್ವಕ್ಕೆ. ನಮ್ಮ ಮುಂಗಾರು ಗಾಳಿ ಅರಬ್ಬಿ ಸಮುದ್ರ ದಾಟಿ ಬಂದು ಘಟ್ಟಕ್ಕೆ ಬಡಿಯುತ್ತದೆ, ಆಗುಂಬೆಯಲ್ಲಿ ನೀರು ಸುರಿದು ಸೊರಗುತ್ತದೆ. ಚಂಡಮಾರುತವೂ ನೆಲ ಹತ್ತಿದ ಮೇಲೆ ಸೊರಗಿ ಸಾಯುತ್ತದೆ. ಗುರುವಿನಲ್ಲಿ ಬಡಿಯಲು ಘಟ್ಟವಿಲ್ಲ, ಉಜ್ಜಲು ನೆಲವಿಲ್ಲ. ಅದಕ್ಕೇ ಅಲ್ಲಿಯ ಬಿರುಗಾಳಿ ನೂರು ವರ್ಷ ದಾಟಿಯೂ ಬದುಕಬಲ್ಲದು. ಗಾಳಿಯ ಆ ಹೊಳೆಗಳು ಎಷ್ಟು ಆಳ ಗೊತ್ತಾ? ಜೂನೋ ನೌಕೆ 2016ರಲ್ಲಿ ಅಲ್ಲಿಗೆ ಹೋಗಿ, ಗುರುವಿನ ಸೆಳೆತದ ಸಣ್ಣ ಏರುಪೇರುಗಳನ್ನು ಅಳೆಯಿತು. ಸುಮಾರು 3,000 ಕಿ.ಮೀ. ಆಳ ಎಂದು ತಿಳಿಯಿತು. ನಮ್ಮ ಮಳೆಮೋಡಕ್ಕೆ 15 ಕಿ.ಮೀ. ಎತ್ತರ ಸಿಕ್ಕಿದರೆ ದೊಡ್ಡದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ನಿನ್ನ ಅಜ್ಜ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುತ್ತಿದ್ದರು. ಆ ಪುಸ್ತಕಗಳು ಇನ್ನೂ ನಾಗಂದಿಗೆಯ ಮೇಲಿವೆ. ಒಂದು ದಿನದ ಲೆಕ್ಕ ನೋಡಿದರೆ ಏನೂ ಇಲ್ಲ. ಹತ್ತು ವರ್ಷದ್ದು ಒಟ್ಟಿಗೆ ಇಟ್ಟರೆ ಅಡಿಕೆಗೆ ಕೊಳೆರೋಗ ಯಾವ ವರ್ಷ ಯಾಕೆ ಬಂತು, ಮದ್ದು ಹೊಡೆಯುವುದು ಎಲ್ಲಿ ತಡವಾಯಿತು, ಎಲ್ಲ ಕಾಣುತ್ತದೆ. ಗುರುವಿನ ಲೆಕ್ಕವೂ ಹೀಗೇ ಹುಟ್ಟಿದ್ದು. 19ನೇ ಶತಮಾನದ ಕೊನೆಗೆ ಜನ ಕಣ್ಣಲ್ಲಿ ನೋಡಿ, ಪೆನ್ಸಿಲ್ಲಲ್ಲಿ ಬರೆದಿಟ್ಟರು. ಆಗ ಆ ಚುಕ್ಕೆಯ ಉದ್ದ ಸುಮಾರು 41,000 ಕಿ.ಮೀ. 1979ರಲ್ಲಿ ವಾಯೇಜರ್ ನೌಕೆ ಹೋದಾಗ 23,000ದ ಆಸುಪಾಸು. 2014ರಲ್ಲಿ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ಅಳೆದಾಗ 16,500. ಹಳಬರು ಬರೆದಿಡದೆ ಹೋಗಿದ್ದರೆ ಅದು ಕುಗ್ಗುತ್ತಿದೆ ಎಂದು ನಮಗೆ ಗೊತ್ತಾಗುತ್ತಿತ್ತಾ?

ಅದೆಲ್ಲ ದೊಡ್ಡವರ ಕೆಲಸ ಅನ್ನಬೇಡ. 1933ರಲ್ಲಿ ಶನಿಯ ಮೇಲೆ ಎದ್ದ ದೊಡ್ಡ ಬಿಳಿ ಬಿರುಗಾಳಿಯನ್ನು ಮೊದಲು ಕಂಡವರು ವಿಲ್ ಹೇ. ಇಂಗ್ಲೆಂಡಿನ ರಂಗದ ಮೇಲೆ, ಸಿನಿಮಾದಲ್ಲಿ ನಗಿಸುತ್ತಿದ್ದವರು. ನಮ್ಮ ಮೇಳದ ಹಾಸ್ಯಗಾರರೊಬ್ಬರು ಆಟ ಮುಗಿಸಿ ಬಂದು ಆಕಾಶ ನೋಡಿದ ಹಾಗೆ. ಅವರ ಟೆಲಿಸ್ಕೋಪು 6 ಇಂಚಿನದು, ನಿನ್ನದಕ್ಕಿಂತ ಒಂದೇ ಇಂಚು ದೊಡ್ಡದು. 2006ರಲ್ಲಿ ಗುರುವಿನ ಇನ್ನೊಂದು ಬಿಳಿ ಸುಳಿ ಕೆಂಪಾಗಿದ್ದನ್ನು ಗುರುತಿಸಿದವರು ಫಿಲಿಪ್ಪೀನ್ಸಿನ ಹವ್ಯಾಸಿ ಕ್ರಿಸ್ಟೋಫರ್ ಗೋ. ಅದೃಷ್ಟ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿನ್ನೆ ಬಿಳಿ ಇತ್ತು ಎಂದು ಗೊತ್ತಿದ್ದವನಿಗೆ ಮಾತ್ರ ಇವತ್ತಿನ ಕೆಂಪು ಕಾಣುವುದು.

1994ರ ಜುಲೈಯಲ್ಲಿ ಧೂಮಕೇತುವಿನ ತುಂಡುಗಳು ಗುರುವಿಗೆ ಬಡಿದವು. ಆ ಕಪ್ಪು ಗಾಯಗಳು ಸಣ್ಣ ಟೆಲಿಸ್ಕೋಪಿಗೂ ಕಂಡವಂತೆ. ನಾನಾಗ ಹೊಸದಾಗಿ ಟೀಚರಾಗಿದ್ದೆ. ಮಕ್ಕಳಿಗೆ ತೋರಿಸಬೇಕೆಂದು ಒಂದನ್ನು ಕಡ ತಂದು ಅಂಗಳದಲ್ಲಿ ಕಾದೆ. ವಾರವಿಡೀ ಮೋಡ ಹರಿಯಲಿಲ್ಲ. ಅಜ್ಜನ ಪುಸ್ತಕದಲ್ಲಿ ಆ ವಾರದ ಪುಟಗಳಲ್ಲಿ ಮಳೆಯ ಲೆಕ್ಕ ಮಾತ್ರ ಇದೆ. ಈಗಲೂ ಆ ಪುಟ ತೆಗೆದರೆ ಸಂಕಟವಾಗುತ್ತದೆ. ನಿನ್ನ ಕೈಯಲ್ಲಿ ಸ್ವಂತದ್ದು ಇದೆ ಕಣೋ.

ಮಾಡಬೇಕಾದ್ದು ಇಷ್ಟು. ಒಂದು ನೋಟ್‌ಬುಕ್ ಇಡು. ನೋಡಿದ ರಾತ್ರಿಯೆಲ್ಲ ಒಂದು ಚಿತ್ರ ಬರಿ, ಪಕ್ಕದಲ್ಲಿ ತಾರೀಕು, ಗಂಟೆ, ನಿಮಿಷ. ಏನೂ ಕಾಣದಿದ್ದರೆ ಹಾಗೆಂದೇ ಬರಿ. ಟೆಲಿಸ್ಕೋಪನ್ನು ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಗಿಡು, ತಣಿಯಲಿ. ಚಿತ್ರ ನಡುಗುತ್ತಿದ್ದರೆ ಅದು ನಮ್ಮದೇ ಗಾಳಿಯ ಕೆಲಸ. ಸುಮ್ನೆ ಕಣ್ಣಿಟ್ಟುಕೊಂಡಿರು. ನಡುವೆ ಒಂದು ಕ್ಷಣ ನಿಲ್ಲುತ್ತದೆ, ಆಗ ಪಟ್ಟೆಯ ಅಂಚಿನ ಸುಳಿಗಳೂ ಕಾಣಬಹುದು.

ಈಗ ಅದನ್ನು ಹಾಗೇ ಮೂಲೆಯಲ್ಲಿ ಇಡಬೇಡ. ಈ ಥಂಡಿಗೆ ಗಾಜಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಟೆಲಿಸ್ಕೋಪಿನ ಕಣ್ಣುಗಾಜುಗಳನ್ನು (ಐಪೀಸ್) ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡು. ನವರಾತ್ರಿ ರಜೆಗೆ ಟೆಲಿಸ್ಕೋಪು ತೆಗೆದುಕೊಂಡೇ ಬಾ. ಈ ಸಲ ಆ ಹೊತ್ತಿಗೆ ಗುರು ಬೆಳಗಿನ ಜಾವ ಪೂರ್ವದಲ್ಲಿರುತ್ತಾನೆ. ಅಡಿಕೆ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಅಂಗಳ ಖಾಲಿ ಇರುತ್ತದೆ. ನಾಲ್ಕು ಗಂಟೆಗೆ ಕಾಫಿ ಮಾಡಿ ನಾನೇ ಎಬ್ಬಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ