ಆಕಾಶಕ್ಕೆ ಏಣಿ ಹಾಕುವಾಗ ಕೆಳಗಿದ್ದವರು: ಗೆಳೆಯನಿಗೊಂದು ಪತ್ರ

ಕಾರವಾರ

ಪ್ರೀತಿಯ ದೋಸ್ತಾ,

"ಈ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಅಂತ ಓದ್ತಾನೇ ಇರ್ತೀಯಲ್ಲ, ಅದರಲ್ಲಿ ಅಂಥದ್ದೇನಿದೆ? ನಾನು ಓದಬೇಕು ಅಂದರೆ ಯಾವುದರಿಂದ ಶುರು ಮಾಡಲಿ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಅಡಿಕೆ ರೇಟಿನ ಸುದ್ದಿ ತೆಗೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ, ಹೊರಗೆ ಹೋಗುವ ಹಾಗೂ ಇಲ್ಲ.

ರಾಕೆಟ್ಟು ಎಷ್ಟು ವೇಗವಾಗಿ ಓಡುತ್ತದೆ, ಡ್ರ್ಯಾಗನ್ನು ಎಷ್ಟು ದೂರ ಬೆಂಕಿ ಉಗುಳುತ್ತದೆ ಅನ್ನುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಇಂಥ ಪುಸ್ತಕ ಕೈಗೆ ಬಂದರೆ ನಾನು ಹುಡುಕುವುದು ಒಂದೇ. ಈ ದೊಡ್ಡ ಕೆಲಸ ನಡೆಯುವ ಜಾಗದಲ್ಲಿ ಮೊದಲು ಯಾರಿದ್ದರು? ಅವರು ಎಲ್ಲಿಗೆ ಹೋದರು? ಕಾರವಾರದವನಿಗೆ ಈ ಪ್ರಶ್ನೆ ತಾನಾಗಿಯೇ ಬರುತ್ತದೆ, ಅಲ್ವಾ? ಕಾಳಿ ನದಿಗೆ ಅಣೆಕಟ್ಟು, ಕೈಗಾದಲ್ಲಿ ಅಣುಸ್ಥಾವರ, ಕಡಲ ದಂಡೆಗೆ ನೌಕಾನೆಲೆ, ಮನೆಗಳ ನಡುವೆ ಚತುಷ್ಪಥ ರಸ್ತೆ. ಬಸ್ಸಿನಲ್ಲಿ ಪಕ್ಕದವರನ್ನು "ಯಾವೂರು?" ಅಂತ ಕೇಳಿದರೆ, "ಈಗಿಂದಾ, ಮೊದಲಿಂದಾ?" ಅಂತ ತಿರುಗಿ ಕೇಳುವವರು ಇಲ್ಲಿದ್ದಾರೆ. ಅವರಿಗೆ ಕರೆಂಟು ಬೇಡವಾಗಿತ್ತು, ನೌಕಾಪಡೆ ಬೇಡವಾಗಿತ್ತು ಅಂತಲ್ಲ. ಅವರನ್ನು ಯಾರೂ ಕತೆಯೊಳಗೆ ಸೇರಿಸಿಕೊಳ್ಳಲಿಲ್ಲ, ಅಷ್ಟೇ.

ನಗಿಸುವ ಪುಸ್ತಕದಿಂದಲೇ ಶುರು ಮಾಡೋಣ. ಡಗ್ಲಸ್ ಆಡಮ್ಸ್ ಬರೆದ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'. ಮೊದಲು ರೇಡಿಯೊ ನಾಟಕವಾಗಿ ಬಂತು, 1979ರಲ್ಲಿ ಪುಸ್ತಕವಾಯಿತು. ಆರ್ಥರ್ ಡೆಂಟ್ ಅನ್ನುವವನ ಮನೆ ಬೈಪಾಸ್ ರಸ್ತೆಗೆ ಹೋಗುತ್ತದೆ. ಅವನು ಬುಲ್ಡೋಜರ್ ಮುಂದೆ ಕೆಸರಿನಲ್ಲಿ ಅಡ್ಡ ಮಲಗುತ್ತಾನೆ. "ನಕ್ಷೆ ಕಚೇರಿಯಲ್ಲಿ ಇಟ್ಟಿದ್ದೆವಲ್ಲ, ಆಗ ಯಾಕೆ ತಕರಾರು ಮಾಡಲಿಲ್ಲ?" ಅನ್ನುತ್ತಾರೆ ಅಧಿಕಾರಿ. ನಕ್ಷೆ ಇಟ್ಟದ್ದೆಲ್ಲಿ ಗೊತ್ತಾ? ದೀಪ ಇಲ್ಲದ, ಮೆಟ್ಟಿಲೂ ಇಲ್ಲದ ನೆಲಮಾಳಿಗೆಯಲ್ಲಿ. ಅಲ್ಲಿ ಯಾರೂ ಬಳಸದ ಒಂದು ಪಾಯಿಖಾನೆ, ಅದರೊಳಗೆ ಬೀಗ ಹಾಕಿದ ಕಪಾಟು, ಬಾಗಿಲ ಮೇಲೆ 'ಚಿರತೆ ಇದೆ, ಎಚ್ಚರಿಕೆ' ಅಂತ ಬೋರ್ಡು. ನಿಮ್ಮ ಶಿರಸಿ ಕಡೆಯಾದರೆ ಬೋರ್ಡು ಇರುವುದಿಲ್ಲ, ಚಿರತೆ ಮಾತ್ರ ಇರುತ್ತದೆ! ಅಷ್ಟರಲ್ಲಿ ಮೇಲಿನಿಂದ ವೋಗನ್‌ ಅನ್ನುವ ಅನ್ಯಲೋಕದವರ ಹಡಗುಗಳು ಬರುತ್ತವೆ. ಬಾಹ್ಯಾಕಾಶದ ಬೈಪಾಸಿಗೆ ಇಡೀ ಭೂಮಿಯೇ ಅಡ್ಡವಾಗಿದೆಯಂತೆ, ಕೆಡವಬೇಕಂತೆ. ಆ ನಕ್ಷೆಯೂ ಪ್ರಕಟವಾಗಿತ್ತು, 50 ವರ್ಷದಿಂದ, ಆಲ್ಫಾ ಸೆಂಟಾರಿ ಅನ್ನುವ ದೂರದ ನಕ್ಷತ್ರದ ಕಚೇರಿಯಲ್ಲಿ. ಜನ ಇದನ್ನು ಬರೀ ತಮಾಷೆ ಪುಸ್ತಕ ಅನ್ನುತ್ತಾರೆ. ಭೂಸ್ವಾಧೀನದ ನೋಟಿಸು ಕೈಯಲ್ಲಿ ಹಿಡಿದು ನಿಂತ ಒಬ್ಬರಿಗೆ ಈ ಭಾಗ ಓದಿ ಹೇಳಿದ್ದೆ. ಅವರು ನಗಲಿಲ್ಲ. "ಇದನ್ನ ಬರೆದವನ ಮನೆಯೂ ಹೋಗಿತ್ತಾ?" ಅಂದರು.

ಅದೇ 1979ರಲ್ಲಿ ಆರ್ಥರ್ ಸಿ. ಕ್ಲಾರ್ಕ್ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' ಬರೆದ. 1956ರಿಂದ 2008ರಲ್ಲಿ ಸಾಯುವವರೆಗೂ ಶ್ರೀಲಂಕಾದಲ್ಲೇ ಇದ್ದವನು. ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸಂದೇಶ ಕಳಿಸಬಹುದು ಅಂತ 1945ರಲ್ಲೇ ಲೇಖನ ಬರೆದ ಮನುಷ್ಯ. ಈ ಕಾದಂಬರಿಯಲ್ಲಿ ಅಂಥ ಉಪಗ್ರಹದ ಎತ್ತರಕ್ಕೆ, ಅಂದರೆ ಸುಮಾರು 36,000 ಕಿಲೋಮೀಟರ್ ಮೇಲಕ್ಕೆ, ನೆಲದಿಂದಲೇ ಒಂದು ಲಿಫ್ಟ್ ಕಟ್ಟುತ್ತಾರೆ. ಅದಕ್ಕೆ ಭೂಮಧ್ಯರೇಖೆಯ ಮೇಲೆ ಎತ್ತರದ ಬೆಟ್ಟ ಬೇಕು. ಶ್ರೀಲಂಕಾ ಆ ರೇಖೆಯ ಮೇಲಿಲ್ಲ. ಕ್ಲಾರ್ಕ್ ಏನು ಮಾಡಿದ? ಇಡೀ ದ್ವೀಪವನ್ನು ಸುಮಾರು 800 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿಬಿಟ್ಟ! ಕಾದಂಬರಿಕಾರನಿಗೆ ಯಾವ ಇಲಾಖೆಯ ಅನುಮತಿಯೂ ಬೇಡ ನೋಡು.

ಆದರೆ ಆ ಬೆಟ್ಟದ ತುದಿಯಲ್ಲಿ ಬೌದ್ಧ ಭಿಕ್ಷುಗಳ ಮಠ ಇದೆ. ಬಹಳ ಹಳೆಯದು. ಅವರು ಬಿಡಲು ಒಪ್ಪುವುದಿಲ್ಲ. ಇಲ್ಲಿಯವರೆಗೆ ಕ್ಲಾರ್ಕ್ ತುಂಬ ಪ್ರಾಮಾಣಿಕ. ಎಂಜಿನಿಯರನ ಹಟವೂ ಸರಿ ಅನ್ನಿಸುತ್ತದೆ, ಭಿಕ್ಷುಗಳ ಮಾತೂ ಸರಿ ಅನ್ನಿಸುತ್ತದೆ. ಯಾರನ್ನೂ ಪೆದ್ದು ಮಾಡಿಲ್ಲ. ಮುಂದೆ ಏನಾಗುತ್ತದೆ? ಬಂಗಾರದ ಬಣ್ಣದ ಚಿಟ್ಟೆಗಳು ಬೆಟ್ಟದ ತುದಿ ಮುಟ್ಟಿದರೆ ಭಿಕ್ಷುಗಳು ಜಾಗ ಬಿಡಬೇಕು ಅಂತ ಹಳೆಯ ಐತಿಹ್ಯವೊಂದಿದೆ. ಹವಾಮಾನ ನಿಯಂತ್ರಿಸುವವರು ಎಬ್ಬಿಸಿದ ಗಾಳಿಗೆ ಚಿಟ್ಟೆಗಳು ಬಂದು ಮಠದ ಮುಂದೆ ಬೀಳುತ್ತವೆ. ಭಿಕ್ಷುಗಳು ಗಂಟುಮೂಟೆ ಕಟ್ಟುತ್ತಾರೆ. ಮಂತ್ರಕ್ಕೆ ಮಾವಿನಕಾಯಿ ಉದುರಿದ ಹಾಗೆ ಕೆಲಸ ಮುಗಿಯಿತು. ಲಿಫ್ಟಿನ ತಂತಿ ಎಷ್ಟು ಭಾರ ತಡೆಯಬೇಕು ಅಂತ ಲೆಕ್ಕ ಹಾಕುವವನಿಗೆ, ಒಪ್ಪದ ಮನುಷ್ಯನ ಎದುರು ಇನ್ನಷ್ಟು ಹೊತ್ತು ಕೂರಲು ಆಗಲಿಲ್ಲ. ಪುಸ್ತಕ ನನಗೆ ಇಷ್ಟವೇ. ಕೊನೆಯ ಭಾಗದಲ್ಲಿ ಗೋಪುರದಲ್ಲಿ ಸಿಕ್ಕಿಬಿದ್ದವರಿಗೆ ಸಹಾಯ ತಲುಪಿಸುವ ಪುಟಗಳನ್ನು ಉಸಿರು ಬಿಗಿಹಿಡಿದು ಓದಿದೆ. ಚಿಟ್ಟೆಗಳ ಮೇಲೆ ಮಾತ್ರ ಇನ್ನೂ ಸಿಟ್ಟಿದೆ.

ನಿನಗೆ ಮೊದಲು ಕೊಡಬೇಕು ಅಂದುಕೊಂಡದ್ದು ಅರ್ಸುಲಾ ಕೆ. ಲೆ ಗ್ವಿನ್ ಅವರ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್'. 1972ರದ್ದು. ಸಣ್ಣ ಪುಸ್ತಕ, ಎರಡು ಸಂಜೆ ಸಾಕು. ಭೂಮಿಯಲ್ಲಿ ಮರ ಮುಗಿದಿದೆ. ಅದಕ್ಕೆ ದೂರದ ಒಂದು ಗ್ರಹಕ್ಕೆ ಹೋಗಿ ಕಾಡು ಕಡಿದು ಹಡಗಿನಲ್ಲಿ ನಾಟಾ ತರುತ್ತಾರೆ. ಆ ಕಾಡಿನಲ್ಲಿ ಹಸಿರು ಕೂದಲಿನ, ಒಂದು ಮೀಟರ್ ಎತ್ತರದ ಜನ ಇದ್ದಾರೆ. ಅವರನ್ನು ಹಿಡಿದು ದುಡಿಸಿಕೊಳ್ಳುತ್ತಾರೆ. ಓದುವಾಗ ನಿಮ್ಮ ಸಾಲ್ಕಣಿ ನೆನಪಾಗದೇ ಇರುತ್ತದಾ? 1983ರಲ್ಲಿ ಅಲ್ಲಿಯ ಜನ ಮರ ತಬ್ಬಿಕೊಂಡು ನಿಂತದ್ದನ್ನು ನಿಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಅಪ್ಪಿಕೋ ಚಳವಳಿಯಲ್ಲಿ ಯಾರೂ ಕೈ ಎತ್ತಲಿಲ್ಲ. ಲೆ ಗ್ವಿನ್ ಪುಸ್ತಕದಲ್ಲಿ ಎತ್ತುತ್ತಾರೆ. ಸೆಲ್ವರ್ ಅನ್ನುವವನು ತನ್ನ ಜನಕ್ಕೆ ಕೊಲ್ಲುವುದನ್ನು ಕಲಿಸುತ್ತಾನೆ. ಅವರಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗೆಲ್ಲುತ್ತಾರೆ, ಕಾಡು ಉಳಿಯುತ್ತದೆ, ಬಂದವರು ಹೊರಡುತ್ತಾರೆ. ಆದರೆ ಕಲಿತದ್ದನ್ನು ಮರೆಯಲು ಆಗುವುದಿಲ್ಲ ಅಂತ ಸೆಲ್ವರ್‌ಗೆ ಗೊತ್ತು. ಕಾಡು ಉಳಿದರೂ ಹಳೆಯ ಊರು ಉಳಿಯಲಿಲ್ಲ. ಒಂದು ತಕರಾರು ಇದೆ. ಇದರಲ್ಲಿ ಬರುವ ಡೇವಿಡ್‌ಸನ್ ಅನ್ನುವ ಕ್ಯಾಪ್ಟನ್ ಪೂರ್ತಿ ರಾಕ್ಷಸ. ನಿಜವಾದ ಅಧಿಕಾರಿಗಳು ಹಾಗಿರುವುದಿಲ್ಲ. ಚಹಾ ಕೊಟ್ಟು, ಕೂರಿಸಿ, ನಯವಾಗಿ ಮಾತಾಡಿ ಸಹಿ ಹಾಕಿಸುತ್ತಾರೆ. ಅವರನ್ನು ಬರೆಯುವುದು ಇನ್ನೂ ಕಷ್ಟ.

ಇದೆಲ್ಲ ಪರದೇಶದವರ ಹೊಸ ವಿಷಯ ಅನ್ನಬೇಡ. ಖಾಂಡವ ದಹನ ನೆನಪು ಮಾಡಿಕೊ. ಅಗ್ನಿಗೆ ಯಾಗದ ತುಪ್ಪ ತಿಂದು ತಿಂದು ಅಜೀರ್ಣ. ಔಷಧಿಗೆ ಒಂದು ಇಡೀ ಕಾಡು ಬೇಕು! ಕೃಷ್ಣಾರ್ಜುನರು ಎರಡೂ ಕಡೆ ಕಾವಲು ನಿಂತು, ಓಡಿ ಬಂದ ಪ್ರಾಣಿಗಳನ್ನೂ ಬಿಡದೆ ಸುಡಿಸುತ್ತಾರೆ. ಉಳಿದವರು ಬೆರಳೆಣಿಕೆಯಷ್ಟು. ತಕ್ಷಕನ ಮಗ ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳು. ತಕ್ಷಕ ಆ ಹೊತ್ತಿಗೆ ಊರಲ್ಲಿರಲಿಲ್ಲ. ಹೀಗೆ ಉಳಿದವನ ಕೈಯಲ್ಲೇ, ಅಂದರೆ ಮಯನ ಕೈಯಲ್ಲೇ, ಪಾಂಡವರು ಸಭಾಭವನ ಕಟ್ಟಿಸಿಕೊಂಡರು. ದುರ್ಯೋಧನ ಜಾರಿಬಿದ್ದದ್ದು ಅಲ್ಲೇ. ಅಶ್ವಸೇನ ಮರೆಯಲಿಲ್ಲ, ಕರ್ಣನ ಬಾಣದಲ್ಲಿ ಸೇರಿಕೊಂಡು ಬಂದು ಅರ್ಜುನನ ಕಿರೀಟ ಹಾರಿಸಿದ. ಪರೀಕ್ಷಿತನಿಗೆ ಶಾಪ ಕೊಟ್ಟವನು ಶೃಂಗಿ, ಸರಿ. ಆದರೆ ಬಂದು ಕಚ್ಚಿದವನು ಯಾರು ನೋಡು. ಅರ್ಜುನನ ಮೊಮ್ಮಗನನ್ನು ತಕ್ಷಕನೇ ಕಚ್ಚಬೇಕಾಯಿತು. ಅದಕ್ಕೆ ಸೇಡಾಗಿ ಜನಮೇಜಯನ ಸರ್ಪಯಾಗ. ಒಂದು ಕಾಡು ಖಾಲಿ ಮಾಡಿಸಿದ್ದರ ಲೆಕ್ಕ ಮೂರು ತಲೆಮಾರು ದಾಟಿತು. ಯಕ್ಷಗಾನದಲ್ಲಿ ಅಶ್ವಸೇನ ಕರ್ಣನ ಹತ್ತಿರ ಬಂದು "ಇನ್ನೊಮ್ಮೆ ಹೂಡು" ಅಂತ ಬೇಡಿಕೊಳ್ಳುವಾಗ ನನಗೆ ಯಾವತ್ತೂ ಅವನ ಕಡೆಗೇ ಮನಸ್ಸು. ಕರ್ಣ ದೊಡ್ಡವನು, ಒಪ್ಪಲಿಲ್ಲ. ಹಾವಿಗೆ ದೊಡ್ಡತನ ತೋರಿಸಲು ಮನೆ ಎಲ್ಲಿ ಉಳಿದಿತ್ತು?

ಜೂಲ್ಸ್ ವೆರ್ನ್‌ನ ಕ್ಯಾಪ್ಟನ್ ನೆಮೊ ಕೂಡ ನನ್ನ ಲೆಕ್ಕದಲ್ಲಿ ಅಶ್ವಸೇನನ ಜಾತಿಯವನೇ. 1870ರಲ್ಲಿ ಬಂದ ಸಬ್‌ಮರೀನ್ ಕತೆಯಲ್ಲಿ ಅವನು ಯಾವ ದೇಶದವನು ಅಂತ ಹೇಳುವುದಿಲ್ಲ. 'ದಿ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಗುಟ್ಟು ಗೊತ್ತಾಗುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್. 1857ರ ದಂಗೆಯಲ್ಲಿ ಹೋರಾಡಿ, ಹೆಂಡತಿ ಮಕ್ಕಳು ರಾಜ್ಯ ಎಲ್ಲ ಕಳೆದುಕೊಂಡವನು. ನೆಲದ ಮೇಲೆ ಜಾಗ ಇಲ್ಲದವನು ನೀರಿನೊಳಗೆ ಮನೆ ಮಾಡಿಕೊಂಡ. ವೆರ್ನ್‌ಗೆ ಮೊದಲು ಅವನನ್ನು ರಷ್ಯನ್ನರ ಮೇಲೆ ಸೇಡು ಇಟ್ಟುಕೊಂಡ ಪೋಲೆಂಡಿನವನಾಗಿ ಮಾಡುವ ಮನಸ್ಸಿತ್ತು. ಪ್ರಕಾಶಕ ಬೇಡ ಅಂದ, ರಷ್ಯಾದಲ್ಲಿ ಪುಸ್ತಕ ಮಾರಬೇಕಲ್ಲ! ಹಾಗಾಗಿ ನೆಮೊ ನಮ್ಮವನಾದ.

ಈಗ ಜಗಳದ ವಿಷಯ. ನಿನ್ನ ಅಳಿಯ 'ಡ್ಯೂನ್' ಸಿನಿಮಾ ನೋಡಿ ಬಂದು ಹೊಗಳಿದ ಅಂದೆಯಲ್ಲ. ಫ್ರಾಂಕ್ ಹರ್ಬರ್ಟ್‌ನ ಆ ಕಾದಂಬರಿ 1965ರದ್ದು. 20ಕ್ಕೂ ಜಾಸ್ತಿ ಪ್ರಕಾಶಕರು ಬೇಡ ಅಂದ ಮೇಲೆ, ಕಾರು ರಿಪೇರಿ ಪುಸ್ತಕಗಳಿಗೆ ಹೆಸರಾದ ಸಂಸ್ಥೆಯೊಂದು ಅದನ್ನು ಅಚ್ಚು ಹಾಕಿತು. ಮರುಭೂಮಿಯ ಜನ ಬೆವರಿನ ಹನಿಯನ್ನೂ ಸೋಸಿ ಮತ್ತೆ ಕುಡಿಯುತ್ತಾರೆ. ಸತ್ತವರ ಮೈಯ ನೀರೂ ಊರಿಗೆ ಸೇರಿದ್ದು. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಊರಿನಲ್ಲಿ ಕೂತು ಅದನ್ನು ಓದಿದೆ, ಬಾಯಿ ಒಣಗಿತು. ಅಷ್ಟು ಚೆನ್ನಾಗಿದೆ. ಆದರೆ ಅಷ್ಟು ಗಟ್ಟಿ ಜನಕ್ಕೆ ದಾರಿ ತೋರಿಸಲು ಹೊರಗಿನಿಂದ ಒಬ್ಬ ರಾಜಕುಮಾರನೇ ಬರಬೇಕಾ? ಹರ್ಬರ್ಟ್‌ಗೆ ಇದು ಗೊತ್ತಿತ್ತು. 1969ರ ಎರಡನೇ ಪುಸ್ತಕದಲ್ಲಿ ಆ ನಾಯಕನಿಂದ ಆದ ಅನಾಹುತವನ್ನೇ ಬರೆದ. ಮೊದಲನೆಯದನ್ನು ಮಾತ್ರ ಓದಿ ಚಪ್ಪಾಳೆ ಹೊಡೆಯುವವರ ಹತ್ತಿರ ನಾನು ವಾದಕ್ಕೆ ಇಳಿಯುವುದಿಲ್ಲ. ಅಳಿಯನಿಗೆ ಎರಡನೆಯದನ್ನೂ ಓದಲು ಹೇಳು.

ಅಸಿಮೋವ್‌ನ 'ಫೌಂಡೇಶನ್' ಕಾಲೇಜಿನಲ್ಲಿದ್ದಾಗ ದೊಡ್ಡದು ಅನ್ನಿಸಿತ್ತು. ಈಗ ಓದಿದರೆ ಗಂಡಸರು ಕೋಣೆಯಲ್ಲಿ ಕೂತು ಮಾತಾಡುವುದೇ ಕಾಣುತ್ತದೆ. ಅವರಿಗೆ ಸಿಕ್ಕ ಗ್ರಹವೂ ಮೊದಲೇ ಖಾಲಿ. ಎಷ್ಟು ಅನುಕೂಲ! ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಉದ್ದ ಜಾಸ್ತಿ, ನಡೆದೂ ನಡೆದೂ ಓದುಗನ ಕಾಲೂ ನೋಯುತ್ತದೆ. ಆದರೂ ಬಿಡಬೇಡ. ಹಾಬಿಟ್ ಅನ್ನುವ ಕುಳ್ಳ ಜನ ಯುದ್ಧ ಗೆದ್ದು ಮನೆಗೆ ಬಂದರೆ ತಮ್ಮೂರಿನ ಮರಗಳನ್ನೇ ಕಡಿದು ಹಾಕಿರುತ್ತಾರೆ. ಹಾಬಿಟ್‌ಗಳು ಆಗ ಮತ್ತೆ ಹೋರಾಡಬೇಕಾಗುತ್ತದೆ. ಪೀಟರ್ ಜಾಕ್ಸನ್ ಸಿನಿಮಾದಲ್ಲಿ ಅದನ್ನು ಬಿಟ್ಟಿದ್ದಾನೆ. ನನಗೆ ಇಡೀ ಪುಸ್ತಕದಲ್ಲಿ ಅದೇ ಮುಖ್ಯ.

ಹಾಗಂತ ಎಲ್ಲದರಲ್ಲೂ ಊರು ಮುಳುಗಲೇಬೇಕು ಅಂತ ಹಟವಿಲ್ಲ. ನಿನ್ನ ಮಗಳಿಗೆ ಲೆ ಗ್ವಿನ್ ಅವರದ್ದೇ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಕೊಡು. 1968ರದ್ದು. ಎಲ್ಲ ದ್ವೀಪಗಳು, ದೋಣಿಗಳು, ಗಾಳಿ ಕಟ್ಟುವ ಮಂತ್ರವಾದಿಗಳು. ಇಲ್ಲಿಯ ಮೀನುಗಾರರ ಮಕ್ಕಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿಲ್ಲ. ನಾಯಕ ಮೇಕೆ ಮೇಯಿಸುತ್ತಿದ್ದ ಕಂದು ಬಣ್ಣದ ಹುಡುಗ. ಮುಖಪುಟದಲ್ಲಿ ಮಾತ್ರ ಅವನನ್ನು ಮತ್ತೆ ಮತ್ತೆ ಬೆಳ್ಳಗೆ ಮಾಡಿದರು, ಲೇಖಕಿ ಅದರ ಮೇಲೆ ವರ್ಷಗಟ್ಟಲೆ ಗೊಣಗಿದರು. ಆ ಜಗತ್ತಿನಲ್ಲಿ ಒಂದು ದ್ವೀಪಕ್ಕೆ ಮಳೆ ತರಿಸಿದರೆ ಇನ್ನೊಂದು ದ್ವೀಪಕ್ಕೆ ಬರ ಬರಬಹುದು ಅಂತ ಗುರುಗಳು ಎಚ್ಚರಿಸುತ್ತಾರೆ. ಬೇಡ್ತಿ ನದಿಯ ನೀರನ್ನು ವರದಾ ನದಿಗೆ ಒಯ್ಯುವ ಮಾತಾಡುವವರೂ ಓದಬಹುದು, ಮಕ್ಕಳ ಪುಸ್ತಕ ಅಂತ ಸಂಕೋಚ ಬೇಡ.

ಕನ್ನಡದಲ್ಲಿ ಏನಿದೆ ಅಂತ ನೀನು ಕೇಳೇ ಕೇಳುತ್ತೀಯ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಗಳನ್ನು ಬರೆದರು. ತೇಜಸ್ವಿಯವರ 'ಕರ್ವಾಲೊ' ಸೈನ್ಸ್ ಫಿಕ್ಷನ್ ಅಲ್ಲ. ಆದರೂ ಹಾರುವ ಓತಿಯ ಹಿಂದೆ ಹೋದ ವಿಜ್ಞಾನಿಗೆ ಕಾಡು ಗೊತ್ತಿದ್ದ ಮಂದಣ್ಣ ಇಲ್ಲದೆ ಆಗಲಿಲ್ಲವಲ್ಲ, ಅದು ನನಗೆ ಬೇಕಾದ ದಾರಿ. ನಮ್ಮ ಕಡೆಯವರು ಯಾರಾದರೂ ನೂರು ವರ್ಷ ಮುಂದಿನ ಕಾರವಾರವನ್ನು ಬರೆಯಬೇಕು. ಕಡಲು ಎಷ್ಟು ಮೇಲೆ ಬಂದಿದೆ, ಕೈಗಾ ಮುಚ್ಚಿದ ಮೇಲೆ ಅದನ್ನು ಯಾರು ಕಾಯುತ್ತಿದ್ದಾರೆ, ದೇವಕಾರಿನ ಕಡೆ ಕಾಡು ವಾಪಸು ಬಂದಿದೆಯಾ, ಆಗಲೂ ಜನ ಕೊಂಕಣಿಯಲ್ಲೇ ಜಗಳವಾಡುತ್ತಾರಾ. ನೀನು ತೋಟದ ಕೆಲಸ ಮುಗಿಸಿ ಬರೆಯುತ್ತೇನೆ ಅಂತ ಕೊಚ್ಚಿಕೊಳ್ಳುತ್ತಿದ್ದೆಯಲ್ಲ, ಎಲ್ಲಿಗೆ ಬಂತು?

ಎರಡೂ ಲೆ ಗ್ವಿನ್ ಪುಸ್ತಕಗಳನ್ನು ಶಿರಸಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಕಾಡಿನದ್ದು ನಿನಗೆ, ದ್ವೀಪದ್ದು ಮಗಳಿಗೆ, ಅದಲುಬದಲು ಮಾಡಬೇಡ. ಮೊದಲನೆಯದರಲ್ಲಿ ಮಕ್ಕಳಿಗಲ್ಲದ ಕ್ರೌರ್ಯ ಇದೆ. ನಾನೀಗ ಚೀನಾದ ಲಿಯು ಸಿಶಿನ್ ಬರೆದ ಮೂರು ಸಂಪುಟದ ಕತೆಯ ನಡುವೆ ಇದ್ದೇನೆ. ಅದರ ಮೊದಲ ಪುಸ್ತಕ 2015ರಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡುವ ಹ್ಯೂಗೊ ಬಹುಮಾನ ಗೆದ್ದಿತು, ಅನುವಾದದ ಕಾದಂಬರಿಗೆ ಆ ಬಹುಮಾನ ಬಂದದ್ದು ಅದೇ ಮೊದಲು. ಅದರಲ್ಲಿ ಜಾಗ ಬಿಡಬೇಕಾದವರು ಭೂಮಿಯವರೆಲ್ಲ. ಕೊನೆಗೇನಾಗುತ್ತದೆ ಅಂತ ನಿನ್ನ ಅಳಿಯನಿಗೆ ಗೊತ್ತಿದ್ದರೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಲು ಹೇಳು.

ನಿನ್ನ
ಕಾರವಾರದ ದೋಸ್ತ