ಕಾರು ಸರ್ವಿಸ್ ಬಿಲ್ಲಿಗೆ ಕೇಳದೆ ಸೇರುವ ಬಾಬ್ತುಗಳು

ಮಾನ್ಯರೇ,

ಮಂಗಳೂರು, ಉಡುಪಿಯಲ್ಲಿ ಕಾರನ್ನು ಸರ್ವಿಸ್‌ಗೆ ಬಿಟ್ಟವರಲ್ಲಿ ಹೆಚ್ಚಿನವರು ಸಂಜೆ ಬಿಲ್ಲಿನ ಒಟ್ಟು ಮೊತ್ತ ನೋಡಿ ಹೌಹಾರುತ್ತಾರೆ, ಸ್ವಲ್ಪ ಚೌಕಾಸಿ ಮಾಡಿ ಕಟ್ಟಿ ಬರುತ್ತಾರೆ. ಆದರೆ ಆ ಬಿಲ್ ಹುಟ್ಟುವುದು ಸಂಜೆಯಲ್ಲ. ಬೆಳಗ್ಗೆ ಕಾರು ಪಡೆಯುವ ಸರ್ವಿಸ್ ಅಡ್ವೈಸರ್ ಟ್ಯಾಬ್‌ನಲ್ಲಿ ಜಾಬ್ ಕಾರ್ಡ್ (ಮಾಡಬೇಕಾದ ಕೆಲಸಗಳ ಪಟ್ಟಿ) ತುಂಬಿಸಿ, 'ಸರ್, ಒಂದು ಒಟಿಪಿ ಬಂದಿರ್ತದೆ, ಹೇಳಿ' ಎನ್ನುವ ಎರಡು ನಿಮಿಷದಲ್ಲಿ ಅದು ಹುಟ್ಟಿಯಾಗಿರುತ್ತದೆ. ಒಟಿಪಿ ಎಂದರೆ ಸಹಿ. ಪರದೆಯನ್ನು ತನ್ನತ್ತ ತಿರುಗಿಸಿ ಓದದೆ ಅದನ್ನು ಯಾರೂ ಹೇಳಬಾರದು.

ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಬೇಕಾದದ್ದು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್. ಏರ್ ಫಿಲ್ಟರ್ ಮತ್ತು ಎ.ಸಿ. ಫಿಲ್ಟರ್ ಕ್ಲೀನಿಂಗ್, ಬ್ರೇಕ್, ಟೈರ್, ಬ್ಯಾಟರಿ ತಪಾಸಣೆ. ಉಳಿದದ್ದೆಲ್ಲ ಕಾರಿನ ಜತೆ ಬಂದ ಮ್ಯಾನ್ಯುವಲ್‌ನ ನಿರ್ವಹಣಾ ಪಟ್ಟಿಯಲ್ಲಿದೆ, ಯಾವುದು ಎಷ್ಟು ಕಿ.ಮೀ.ಗೆ ಎಂದು ಸ್ಪಷ್ಟವಾಗಿ. ಆ ಪುಸ್ತಕ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುವುದೇ ಸರ್ವಿಸ್ ಸೆಂಟರ್‌ಗಳ ಭಾಗ್ಯ.

ಆಯಿಲ್ ಪ್ರಮಾಣವೂ ಅದರಲ್ಲೇ ಇದೆ. ಸಣ್ಣ ಪೆಟ್ರೋಲ್ ಕಾರುಗಳಿಗೆ ಫಿಲ್ಟರ್ ಸೇರಿ ಹೆಚ್ಚಾಗಿ 3ರಿಂದ 3.5 ಲೀಟರ್ ಸಾಕು. ಡ್ರಮ್ಮಿನಿಂದ ಹಾಕಿ 4 ಲೀಟರ್ ಎಂದು ಬರೆದಿದ್ದರೆ ಕೇಳಲೇಬೇಕು.

ಇನ್ನು 'ಎಂಜಿನ್ ಫ್ಲಶ್'. ಹಳೆ ಆಯಿಲ್‌ಗೆ ದ್ರಾವಕ ಸುರಿದು ಹತ್ತು-ಹದಿನೈದು ನಿಮಿಷ ಎಂಜಿನ್ ಓಡಿಸಿ ಇಳಿಸುತ್ತಾರೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ನಲ್ಲಿ ತೊಳೆಯಲು ಏನೂ ಇರುವುದಿಲ್ಲ. ವರ್ಷಗಟ್ಟಲೆ ಬದಲಿಸದೆ ಒಳಗೆ ಕೆಸರು ಕಟ್ಟಿದ್ದರೆ ಫ್ಲಶ್ ಇನ್ನೂ ಅಪಾಯ: ಕಿತ್ತ ಕೆಸರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂತರೆ ಎಂಜಿನ್ನಿಗೆ ಆಯಿಲ್ ಏರುವುದಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯ ಕ್ಲೀನಿಂಗ್ ಹಾಗಲ್ಲ, ಅದು ಕೆಲವೊಮ್ಮೆ ನಿಜವಾಗಿ ಬೇಕು. ನಿಂತಲ್ಲಿ ಆರ್‌ಪಿಎಂ ಏರಿಳಿದರೆ, ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೆ ಮಾಡಿಸಿ. ಆ ಲಕ್ಷಣ ಇಲ್ಲದೆ ಪ್ರತಿ ಸರ್ವಿಸ್‌ಗೂ ಮಾಡಿಸುವುದು ಹೊಟ್ಟೆನೋವಿಲ್ಲದೆ ಕಷಾಯ ಕುಡಿದಂತೆ.

ಎ.ಸಿ. 'ಡಿಸ್‌ಇನ್ಫೆಕ್ಷನ್' ನಮ್ಮ ಹವೆಯಲ್ಲಿ ಸುಲಭವಾಗಿ ಮಾರಾಟವಾಗುವ ಸರಕು, ಏಕೆಂದರೆ ಇಲ್ಲಿ ಮುಗ್ಗಲು ವಾಸನೆ ನಿಜಕ್ಕೂ ಬರುತ್ತದೆ. ಕೂಲಿಂಗ್ ಕಾಯಿಲ್ ಮೇಲೆ ನೀರು ನಿಂತಿರುವುದೇ ಅದಕ್ಕೆ ಕಾರಣ. ಮನೆ ಮುಟ್ಟಲು ಎರಡು-ಮೂರು ನಿಮಿಷ ಇರುವಾಗ ಎ.ಸಿ. ಬಟನ್ ಆಫ್ ಮಾಡಿ ಫ್ಯಾನ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ. ಎ.ಸಿ. ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕದಿದ್ದರೆ ಡ್ರೈನ್ ಪೈಪು ಕಟ್ಟಿದೆಯೇ ನೋಡಿಸಿ. ಎಷ್ಟೋ ಕಾರುಗಳಲ್ಲಿ ಎ.ಸಿ. ಫಿಲ್ಟರ್ ಇರುವುದು ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆ, ಬದಲಿಸಲು ಸ್ಪ್ಯಾನರ್ ಕೂಡ ಬೇಡ.

ಕರಾವಳಿಯವರನ್ನು ಹೆದರಿಸಿ ಮಾರುವ ದೊಡ್ಡ ಬಾಬ್ತು ಅಂಡರ್‌ಬಾಡಿ ಕೋಟಿಂಗ್, ಅಂದರೆ ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಬಳಿಯುವ ಕರಿ ಲೇಪ. ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಕೆಂಪು ಮಣ್ಣಿನ ಕೆಸರು: ಇಲ್ಲಿ ತುಕ್ಕಿನ ಭಯ ಸುಳ್ಳಲ್ಲ. ಆದರೆ ಹೊಸ ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಜೋಡುಗಳಿಗೆ ಸೀಲರ್ ಹಚ್ಚಿರುತ್ತಾರೆ. ಮೊದಲ ಸರ್ವಿಸ್‌ನಲ್ಲೇ ಕರಿ ಕೋಟಿಂಗ್ ಬೇಕೆನ್ನುವುದಕ್ಕೆ ಅರ್ಥವಿಲ್ಲ. ಐದಾರು ವರ್ಷವಾದ ಅಥವಾ ಮಲ್ಪೆ, ಉಳ್ಳಾಲದಂತಹ ಕಡೆ ಕಡಲಿನ ಪಕ್ಕದಲ್ಲೇ ನಿಲ್ಲುವ ಕಾರಿಗೆ ಮಾಡಿಸಬಹುದು, ಕ್ರಮ ತಪ್ಪದಿದ್ದರೆ ಮಾತ್ರ. ಗಾಡಿ ಎತ್ತಿ ತಳವನ್ನು ನೀರಿನ ಒತ್ತಡದಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ತುಕ್ಕು ಕಂಡಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್ ಹಚ್ಚಬೇಕು. ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರ್, ಬಾಗಿಲಿನಡಿಯ ನೀರು ಹೋಗುವ ತೂತುಗಳಿಗೆ ಟೇಪ್ ಅಂಟಿಸಿ, ಆಮೇಲೆ ತೆಳುವಾಗಿ ಎರಡು ಸಲ ಸ್ಪ್ರೇ ಮಾಡಬೇಕು. ಜುಲೈಯಲ್ಲಿ ಬೆಳಗ್ಗೆ ಬಿಟ್ಟ ಕಾರಿಗೆ ಆಯಿಲ್ ಬದಲಿಸಿ, ತೊಳೆದು, ಮಧ್ಯಾಹ್ನವೇ ಕೋಟಿಂಗ್ ಎಂದರೆ ಇದರಲ್ಲಿ ಅರ್ಧ ಕೆಲಸ ಆಗಿರಲು ಸಾಧ್ಯವಿಲ್ಲ. ಒದ್ದೆ ಕೆಸರಿನ ಮೇಲೆ ಬಳಿದ ಕೋಟಿಂಗ್ ನೀರನ್ನು ಒಳಗೇ ಹಿಡಿದಿಡುತ್ತದೆ, ಹೊರಗೆ ಕಪ್ಪಗೆ ಮಿಂಚುತ್ತಾ ಒಳಗಿನ ತುಕ್ಕನ್ನು ಮುಚ್ಚುತ್ತದೆ. ತೂತು ಮುಚ್ಚಿಹೋದರೆ ಬಾಗಿಲಿನಡಿ ನೀರು ನಿಂತು ತುಕ್ಕು ತಗಡನ್ನು ಒಳಗಿನಿಂದ ಕೊರೆಯುತ್ತದೆ. ಮಾಡಿಸುವವರು ಏಪ್ರಿಲ್-ಮೇಯಲ್ಲಿ ಮಾಡಿಸಲಿ. ಸಮುದ್ರದ ಬದಿಗೆ ಹೋಗಿ ಬಂದ ದಿನ ಪೈಪಿನ ಸಿಹಿನೀರಿನಿಂದ ತಳ ತೊಳೆಯುವುದಕ್ಕೆ ಖರ್ಚೇ ಇಲ್ಲ.

ತಮಾಷೆಯೆಂದರೆ, ಇಲ್ಲಿ ನಿಜಕ್ಕೂ ಬೇಕಾದ ಬ್ರೇಕ್ ಆಯಿಲ್ ಬದಲಾವಣೆ ಎಷ್ಟೋ ಜಾಬ್ ಕಾರ್ಡ್‌ಗಳಲ್ಲಿ ಕಾಣುವುದೇ ಇಲ್ಲ. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಚಾರ್ಮಾಡಿಯಂತಹ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ. ಹೆಚ್ಚಿನ ಮ್ಯಾನ್ಯುವಲ್‌ಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಬ್ರೇಕ್ ಪ್ಯಾಡ್ 2-3 ಮಿ.ಮೀ.ಗೆ ಸವೆದಿದ್ದರೆ ಬದಲಿಸಲೇಬೇಕು. 'ಸವೆದಿದೆ' ಎಂದಷ್ಟೇ ಹೇಳಿದರೆ ಎಷ್ಟು ಮಿ.ಮೀ. ಎಂದು ಕೇಳಿ, ಹಳೆಯದನ್ನು ಡಿಕ್ಕಿಯಲ್ಲಿ ಹಾಕಿಕೊಡಲು ಹೇಳಿ.

ವೀಲ್ ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿಪಡಿಸುವುದಕ್ಕೆ) ಮೊದಲು ಮತ್ತು ನಂತರದ ಎರಡೂ ಪ್ರಿಂಟ್ ಪಡೆಯಿರಿ. ಅಂಕಿಗಳು ಬದಲಾಗಿರದಿದ್ದರೆ ಕೆಲಸವಾಗಿಲ್ಲ. ಟೈರಿಗೆ ತುಂಬಿಸುವ ನೈಟ್ರೋಜನ್ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಸಾದಾ ಗಾಳಿಯಲ್ಲೇ ಅದು ಶೇ 78 ಇದೆ. 'ಕನ್ಸ್ಯೂಮಬಲ್ಸ್' ಎಂಬ ಒಂದೇ ಪದದ ಸಾಲಿಗೆ ಮಾತ್ರ ವಿವರ ಕೇಳದೆ ಹಣ ಕೊಡಬೇಡಿ. ಒರೆಸುವ ಬಟ್ಟೆಗೂ ಗ್ರೀಸಿಗೂ ಲೇಬರ್ ಚಾರ್ಜ್‌ನಲ್ಲೇ ಲೆಕ್ಕ ಸಿಗಬೇಕು. ಹೀಗೆ ಕೇಳದೆ ಸೇರಿದ ₹1,000ದ ಕೆಲಸಕ್ಕೆ ಶೇ 18 ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು ₹1,180.

'ಇದನ್ನು ಮಾಡಿಸದಿದ್ದರೆ ವಾರಂಟಿ ಹೋಗ್ತದೆ' ಎಂದರೆ ಅದನ್ನೇ ಜಾಬ್ ಕಾರ್ಡ್‌ನಲ್ಲಿ ಬರೆದು ಸಹಿ ಹಾಕಲು ಹೇಳಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಒಪ್ಪಿಗೆಯಿಲ್ಲದೆ ಮಾಡಿದ ಕೆಲಸಕ್ಕೆ ಹಣ ಕೇಳಿದರೆ ಗ್ರಾಹಕ ಸಹಾಯವಾಣಿ 1915 ಇದೆ, ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ₹5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಅದಕ್ಕಾಗಿ ಜಾಬ್ ಕಾರ್ಡ್, ಎಸ್ಟಿಮೇಟ್, ಬಿಲ್ ಮೂರನ್ನೂ ಇಟ್ಟುಕೊಳ್ಳಿ.

ಸರ್ವಿಸ್ ಸೆಂಟರ್‌ಗಳಿಂದ ನಾವು ಕೇಳುವುದು ಇಷ್ಟೇ: ಜಾಬ್ ಕಾರ್ಡ್‌ನಲ್ಲಿ ಎರಡು ಕಾಲಂ ಇರಲಿ. ಒಂದರಲ್ಲಿ ಮ್ಯಾನ್ಯುವಲ್ ಹೇಳಿದ ಕೆಲಸ, ಇನ್ನೊಂದರಲ್ಲಿ ನಿಮ್ಮ ಸಲಹೆ. ಎರಡನೆಯದರ ಪ್ರತಿ ಸಾಲಿಗೂ ದರ ಕನ್ನಡದಲ್ಲಿರಲಿ, ಪ್ರತಿ ಸಾಲಿಗೂ ಬೇರೆ ಒಪ್ಪಿಗೆ ಕೇಳಲಿ.

– ಓರ್ವ ಕಾರ್ ಮೆಕ್ಯಾನಿಕ್, ಕಟಪಾಡಿ